14 ಬ್ಲಾಕಿನ ಏರುಮಡಿ

ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನಲ್ಲಿ ಮನೆ ಎದ್ದ ಮೇಲೆ ಹಿತ್ತಿಲಲ್ಲಿ ಉಳಿಯುವುದು ಮಣ್ಣಲ್ಲ. ಗಾರೆಚೂರು, ಇಟ್ಟಿಗೆ ತುಂಡು, ಜಲ್ಲಿ. ಅದನ್ನೇ ಅಗೆದು ಹದಕ್ಕೆ ತರುವ ಬದಲು ಅದರ ಮೇಲೆ ಏರುಮಡಿ ಕಟ್ಟಿ ತರಕಾರಿ ಬೆಳೆಯುತ್ತಿದ್ದೇನೆ. ಹೊಸದಾಗಿ ಶುರು ಮಾಡುವವರಿಗೆ ಅಳತೆ ಸಮೇತ ಹೇಳುತ್ತೇನೆ. ಮೊದಲ ಸಲ ಒಂದೇ ಮಡಿ ಸಾಕು. ಮೂರು ಕಟ್ಟಿದರೆ ಎರಡರಲ್ಲಿ ಕಾಂಗ್ರೆಸ್ ಗಿಡ ಬೆಳೆಯುತ್ತದೆ.

ಜಾಗ ಗೊತ್ತು ಮಾಡುವಾಗ ಬಿಸಿಲನ್ನು ಡಿಸೆಂಬರ್ ಲೆಕ್ಕದಲ್ಲಿ ನೋಡಬೇಕು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಆಗ ಎಲ್ಲೆಲ್ಲೂ ಬಿಸಿಲೇ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲುತ್ತಾನೆ. ಮಡಿಯ ದಕ್ಷಿಣಕ್ಕೆ 5 ಅಡಿಯ ಕಾಂಪೌಂಡ್ ಗೋಡೆ ಇದ್ದರೆ ನಡು ಮಧ್ಯಾಹ್ನದಲ್ಲೂ ಸುಮಾರು ಮೂರೂಮುಕ್ಕಾಲು ಅಡಿ ನೆರಳು ಬೀಳುತ್ತದೆ. ಸೊಪ್ಪಿಗೆ 4 ಗಂಟೆ ಬಿಸಿಲು ನಡೆಯುತ್ತದೆ. ಬೆಂಡೆ, ಟೊಮೆಟೊ, ಬದನೆಗೆ 6 ಗಂಟೆಗಿಂತ ಕಡಿಮೆಯಾದರೆ ಗಿಡ ಉದ್ದುದ್ದ ಹೋಗುತ್ತದೆ, ಕಾಯಿ ಬರುವುದಿಲ್ಲ.

ಕಟ್ಟೆಗೆ ನಾನು ಬಳಸುವುದು 4 ಇಂಚಿನ ಸಾಲಿಡ್ ಬ್ಲಾಕ್. ಒಂದೊಂದೂ 16 ಇಂಚು ಉದ್ದ, 8 ಇಂಚು ಎತ್ತರ, 4 ಇಂಚು ದಪ್ಪ. ನೆಲ ಮಟ್ಟ ಮಾಡಿ, ಉದ್ದದ ಎರಡು ಬದಿಗೆ 5 ಬ್ಲಾಕಿನ ಒಂದೊಂದು ಸಾಲು, ಅಡ್ಡದ ಎರಡು ಬದಿಗೆ ಎರಡೆರಡು ಬ್ಲಾಕು ನಿಲ್ಲಿಸಬೇಕು. ಅಡ್ಡದ ಬ್ಲಾಕುಗಳು ಉದ್ದದ ಸಾಲುಗಳ ಒಳಗೆ ಕೂರಲಿ. ಆಗ ಒಳಗಿನ ಅಳತೆ ಸರಿಯಾಗಿ 6 ಅಡಿ ಉದ್ದ, 2 ಅಡಿ 8 ಇಂಚು ಅಗಲ ಬರುತ್ತದೆ. ಒಟ್ಟು 14 ಬ್ಲಾಕು. ಒಂದನ್ನೂ ಒಡೆಯಬೇಕಿಲ್ಲ, ಸಿಮೆಂಟೂ ಬೇಡ. ಸಂದಿಗಳಲ್ಲಿ ನೀರು ಇಳಿದು ಹೋಗುವುದು ಒಳ್ಳೆಯದೇ. ಎರಡೂ ಕಡೆ ಓಡಾಡಲು ಜಾಗ ಇದ್ದರೆ ಈ ಅಗಲದಲ್ಲಿ ನಡುಮಧ್ಯದ ಗಿಡಕ್ಕೂ ಕೈ ಎಟುಕುತ್ತದೆ, ಮಡಿಯೊಳಗೆ ಕಾಲಿಡುವ ಪ್ರಮೇಯವೇ ಬರುವುದಿಲ್ಲ. ಒಂದು ಸಲ ತುಳಿದರೆ ಮಣ್ಣು ಗಟ್ಟಿಯಾಯಿತೆಂದೇ ಲೆಕ್ಕ. ಒಂದು ಬದಿ ಗೋಡೆಗೆ ತಾಗುವಂತಿದ್ದರೆ ಅಗಲ 2 ಅಡಿ ದಾಟಿಸಬೇಡಿ.

8 ಇಂಚು ಎತ್ತರ ಕಡಿಮೆಯಾಯಿತು ಅನ್ನಿಸಬಹುದು. ಮಡಿಯೊಳಗಿನ ನೆಲವನ್ನು ಹಾರೆಯಿಂದ ಇನ್ನೊಂದು 6 ಇಂಚು ಸಡಿಲಿಸಿ, ಸಿಕ್ಕಿದ ಗಾರೆ ತುಂಡು ಆರಿಸಿ ತೆಗೆದರೆ ಬೇರಿಗೆ 14 ಇಂಚು ಸಿಕ್ಕಿತು. ಟೊಮೆಟೊಗೂ ಅಷ್ಟು ಸಾಕು. ತಳಕ್ಕೆ ಪ್ಲಾಸ್ಟಿಕ್ ಹಾಸಬೇಡಿ, ನೀರು ನಿಲ್ಲುತ್ತದೆ. ಜಲ್ಲಿಯ ಪದರವೂ ಬೇಡ. ನೀರು ಬಸಿಯಲಿ ಎಂದು ಹಾಕುತ್ತಾರೆ, ಆಗುವುದು ತಿರುಗುಮುರುಗು: ಮೇಲಿನ ಮಣ್ಣು ಪೂರ್ತಿ ನೆನೆದು ತೊಟ್ಟಿಕ್ಕುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಒದ್ದೆ ಬೇರಿನ ಹತ್ತಿರವೇ ನಿಲ್ಲುತ್ತದೆ. ಗರಿಕೆ ಇದ್ದರೆ ರಟ್ಟು ಹಾಸಿದರೆ ತಡೆಯುತ್ತದೆ. ಜೇಕು ರಟ್ಟನ್ನೂ ತೂತು ಮಾಡಿಕೊಂಡು ಬರುತ್ತದೆ. ಅದರ ಗೆಡ್ಡೆಗಳನ್ನು ಒಂದೊಂದಾಗಿ ಅಗೆದೇ ತೆಗೆಯಬೇಕು.

ಈ ಮಡಿಗೆ ಹಿಡಿಯುವುದು ಸುಮಾರು 300 ಲೀಟರ್, ಅಂದರೆ 12 ಲೀಟರ್ ಹಿಡಿಯುವ ಬಾಂಡ್ಲಿಯಲ್ಲಿ 25. ನನ್ನ ಲೆಕ್ಕ: ಕೆಮ್ಮಣ್ಣು 12 ಬಾಂಡ್ಲಿ, ಕೊಟ್ಟಿಗೆ ಗೊಬ್ಬರ 8, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 3, ಎರೆಗೊಬ್ಬರ 2, ಜೊತೆಗೆ 300 ಗ್ರಾಂ ಬೇವಿನ ಹಿಂಡಿ. ಎಲ್ಲವನ್ನೂ ಮಡಿಯ ಹೊರಗೇ ಕಲಸಿ ತುಂಬಬೇಕು. ಪದರ ಪದರವಾಗಿ ಸುರಿದರೆ ಬೆರೆಯುವುದಿಲ್ಲ. 5 ಕಿಲೋದ ಕೋಕೋಪೀಟ್ ಇಟ್ಟಿಗೆ ನೆನೆಸಿದರೆ ಸುಮಾರು 70 ಲೀಟರಿಗೆ ಉಬ್ಬುತ್ತದೆ, ಈ ಮಡಿಗೆ ಅರ್ಧ ಸಾಕು. ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ನೀರು ತೊಳೆದು ಹಿಂಡಿಯೇ ಬಳಸಿ. ಕೆಮ್ಮಣ್ಣನ್ನೇ ಹೆಚ್ಚು ತುಂಬಿದರೆ ಎರಡು ಮಳೆಗೆ ಮೇಲ್ಭಾಗ ಹೆಂಟೆಗಟ್ಟಿ, ಬೀಜದ ಮೊಳಕೆ ಅದನ್ನು ಒಡೆದು ಬರಲಾರದೆ ಒಳಗೇ ಸಾಯುತ್ತದೆ. ಹದ ನೋಡುವುದು ಹೀಗೆ: ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು.

ಮೊದಲ ಸಲದ ಸೋಲು ಹೆಚ್ಚಾಗಿ ಶುರುವಾಗುವುದು ಗೊಬ್ಬರದಿಂದ. ಮೂಟೆಯಲ್ಲಿ ಬರುವ ಕೊಟ್ಟಿಗೆ ಗೊಬ್ಬರ ಬಹುಪಾಲು ಅರ್ಧ ಕಳಿತದ್ದು. ಮೂಟೆಯ ಮಧ್ಯಕ್ಕೆ ಕೈ ತೂರಿಸಿ ನೋಡಿ. ಬೆಚ್ಚಗಿದ್ದರೆ, ಸಗಣಿ ವಾಸನೆ ಹೊಡೆದರೆ, ಹುಲ್ಲಿನ ಎಳೆ ಹಾಗೇ ಕಂಡರೆ ಇನ್ನೆರಡು ತಿಂಗಳು ನೀರು ಚಿಮುಕಿಸಿ ಮುಚ್ಚಿಡಿ. ಹಸಿ ಗೊಬ್ಬರ ಹಾಕಿದರೆ ಎಳೆ ಬೇರು ಸುಡುತ್ತದೆ, ಗೆದ್ದಲು ಬರುತ್ತದೆ. ಬೆಳ್ಳಗೆ ಸುರುಳಿ ಸುತ್ತಿಕೊಂಡ ಗೊಣ್ಣೆಹುಳು ಇದ್ದರೆ ಜರಡಿ ಹಿಡಿದು ಆರಿಸಿ. ಒಂದು ಉಳಿದರೂ ಬೇರು ತಿಂದು ನಿಂತ ಗಿಡವನ್ನು ಬಾಡಿಸುತ್ತದೆ.

ತುಂಬಿದ ಕೂಡಲೇ ಬಿತ್ತಬೇಡಿ. ನೀರು ಹಾಕಿ 10–12 ದಿನ ಹಾಗೇ ಬಿಡಿ. ಗೊಬ್ಬರದಲ್ಲಿದ್ದ ಕಳೆ ಬೀಜ ಮೊಳೆಯುತ್ತದೆ, ಕಿತ್ತುಬಿಡಿ. ಬೇವಿನ ಹಿಂಡಿಯ ಖಾರವೂ ಅಷ್ಟರಲ್ಲಿ ಇಳಿಯುತ್ತದೆ. ಮಣ್ಣು ಒಂದೂವರೆ ಇಂಚು ಕುಸಿಯುತ್ತದೆ, ಅದಕ್ಕೆ ಕಲಸುವಾಗಲೇ ನಾಲ್ಕೈದು ಬಾಂಡ್ಲಿ ಹೆಚ್ಚಿಗೆ ಮಾಡಿಟ್ಟಿರಿ.

ಶುರುವಿಗೆ ನವೆಂಬರ್ ಒಳ್ಳೆಯ ತಿಂಗಳು. ಸೆಪ್ಟೆಂಬರ್-ಅಕ್ಟೋಬರಿನ ಜಡಿಮಳೆಯಲ್ಲಿ ಸಣ್ಣ ಬೀಜ ಕೊಚ್ಚಿ ಹೋಗುತ್ತದೆ. 6 ಅಡಿ ಉದ್ದವನ್ನು 18 ಇಂಚಿನ ನಾಲ್ಕು ಭಾಗ ಮಾಡಿಕೊಂಡು ಮೆಂತ್ಯ, ಕೊತ್ತಂಬರಿ, ಹರಿವೆ, ಮೂಲಂಗಿ ಹಾಕಿ. ನಾಲ್ಕನ್ನೂ ಒಂದೇ ದಿನ ಬಿತ್ತದೆ ವಾರಕ್ಕೊಂದು ಭಾಗದಂತೆ ಬಿತ್ತಿದರೆ ಅಡುಗೆಮನೆಗೆ ಒಟ್ಟಿಗೆ ಬಂದು ಬೀಳುವುದಿಲ್ಲ. ಮೆಂತ್ಯ 2–3 ಟೀ ಚಮಚ ಸಾಕು; ನಾಲ್ಕೈದು ದಿನಕ್ಕೆ ಮೊಳೆತು, 25–30 ದಿನಕ್ಕೆ ಕೀಳಬಹುದು. ಅಂಗಡಿಯಲ್ಲಿ ಅಡುಗೆಗೆ ಮಾರುವ ಮೆಂತ್ಯವೇ ಚೆನ್ನಾಗಿ ಹುಟ್ಟುತ್ತದೆ.

ಕೊತ್ತಂಬರಿ ಹುಟ್ಟಲಿಲ್ಲ ಅನ್ನುವವರು ಬೀಜ ಒಡೆದಿರುವುದಿಲ್ಲ. ಧನಿಯಾದ ಒಂದು ಕಾಳು ಅಂದರೆ ಎರಡು ಬೀಜ. ಕಾಳುಗಳನ್ನು ಗೋಣಿಚೀಲದ ಮೇಲೆ ಹರಡಿ, ತೊಳೆದ ಚಪ್ಪಲಿಯ ಅಡಿಯಿಂದ ಹಗುರವಾಗಿ ಉಜ್ಜಿ. ಪಟಪಟ ಎಂದು ಎರಡೆರಡು ಹೋಳಾಗುತ್ತವೆ. ಕುಟ್ಟಾಣಿಗೆ ಹಾಕಿದರೆ ನುಚ್ಚಾಗುತ್ತದೆ. ಆಮೇಲೆ 8–10 ಗಂಟೆ ನೆನೆಸಿ, ನೆರಳಲ್ಲಿ ಆರಿಸಿ, ಅರ್ಧ ಇಂಚು ಆಳಕ್ಕೆ ಗೆರೆ ಎಳೆದು ಬಿತ್ತಿ. ಕಾಣಿಸಿಕೊಳ್ಳಲು 8–12 ದಿನ ಬೇಕು. ಐದನೇ ದಿನ ಕೆದಕಿ ನೋಡುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಕಾಲು ಚಮಚ ಬೀಜಕ್ಕೆ 5 ಚಮಚ ಒಣ ಮರಳು ಬೆರೆಸಿ ಉದುರಿಸಿದರೆ ಒತ್ತೊತ್ತಾಗಿ ಬೀಳುವುದಿಲ್ಲ. ಇದರ ಶತ್ರು ಇರುವೆ. ಬಿತ್ತಿದ ರಾತ್ರಿಯೇ ಸಾಲುಗಟ್ಟಿ ಹೊತ್ತೊಯ್ಯುತ್ತದೆ. ಮಡಿಯ ಹೊರಗೆ ಒಂದು ಹಿಡಿ ರವೆ ಚೆಲ್ಲಿಟ್ಟರೆ ಅದರ ಕಡೆ ತಿರುಗುತ್ತವೆ, ಅಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಮೂಲಂಗಿಯನ್ನು ಅಡ್ಡಕ್ಕೆ ಎರಡು ಸಾಲು, ಸಾಲಿನ ನಡುವೆ 8 ಇಂಚು, ಬೀಜದಿಂದ ಬೀಜಕ್ಕೆ 3 ಇಂಚು ಬಿಟ್ಟು ಹಾಕಿದರೆ 20 ಬರುತ್ತವೆ. ಗೆಡ್ಡೆ ಕವಲೊಡೆದರೆ ಮಣ್ಣಲ್ಲಿ ಕಲ್ಲು ಅಥವಾ ಹಸಿ ಗೊಬ್ಬರ ಇದೆ. ಬರೀ ಸೊಪ್ಪು ಬಂದು ಗೆಡ್ಡೆ ಕಟ್ಟದಿದ್ದರೆ ನೆರಳು ಅಥವಾ ಒತ್ತು ಹೆಚ್ಚಾಗಿದೆ.

ಈ ಮಡಿಗೆ ಚಳಿಗಾಲದಲ್ಲಿ ದಿನಕ್ಕೆ 6–7 ಲೀಟರ್, ಮಾರ್ಚ್ ದಾಟಿದ ಮೇಲೆ 10 ಲೀಟರ್ ನೀರು ಹಿಡಿಯುತ್ತದೆ. ಬೆರಳನ್ನು 2 ಇಂಚು ತೂರಿಸಿ ನೋಡಿ, ಅಲ್ಲಿ ತೇವ ಇದ್ದರೆ ಆ ದಿನ ನೀರು ಬೇಡ. ಶವರ್ ಮೂತಿಯ ಕ್ಯಾನಿನಲ್ಲಿ, ಬೆಳಿಗ್ಗೆಯೇ ಹಾಕಬೇಕು. ಸಂಜೆ ಹಾಕಿ ರಾತ್ರಿಯೆಲ್ಲ ಒದ್ದೆಯಾಗಿದ್ದರೆ ಒತ್ತಾಗಿ ಹುಟ್ಟಿದ ಸಸಿಗಳ ಬುಡ ದಾರದಂತೆ ಸಣ್ಣಗಾಗಿ, ಬೆಳಗಾಗುವಷ್ಟರಲ್ಲಿ ಮಲಗಿರುತ್ತವೆ. ಅವನ್ನು ಉಳಿಸಲಾಗದು. ಸುತ್ತಲಿನದ್ದನ್ನು ತೆಳುಮಾಡಿ, ಎರಡು ದಿನ ನೀರು ನಿಲ್ಲಿಸಿ.

ಸೊಪ್ಪು ಕೈ ಹತ್ತಿದ ಮೇಲೆ ಬೆಂಡೆ, ಬೀನ್ಸ್. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ ಬೆಂಡೆ, ಅರ್ಕ ಕೋಮಲ್ ಬೀನ್ಸ್ ನನ್ನ ಆಯ್ಕೆ. ಈ ಬೀನ್ಸ್ ಪೊದೆ ಜಾತಿ, ಚಪ್ಪರ ಬೇಡ. ಬೆಂಡೆ 15 ಇಂಚಿಗೊಂದರಂತೆ ಎರಡು ಸಾಲಿನಲ್ಲಿ 10 ಗಿಡ. 45–50 ದಿನಕ್ಕೆ ಕಾಯಿ ಶುರು, ದಿನ ಬಿಟ್ಟು ದಿನ ಕೊಯ್ಯಲೇಬೇಕು. ಮುಂದೆ ಬದನೆ ಹಾಕಿದಾಗ ಅದರ ಕುಡಿ ಮಾತ್ರ ಬಾಡಿ ತಲೆ ಬಾಗಿಸಿದರೆ ಅದು ನೀರಿನ ಕೊರತೆಯಲ್ಲ, ಒಳಗೆ ಕೊರಕ ಹುಳು ಕೂತಿದೆ. ಒಂದಿಂಚು ಕೆಳಗೆ ಕತ್ತರಿಸಿ ನಾಶ ಮಾಡಿ. ಮೆಣಸಿನ ಗಿಡದ ಎಲೆ ಮುದುರುವ ಮುಟುರಿನಲ್ಲಿ ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಮಡಚಿದರೆ ಮೈಟ್ಸ್ ಎಂಬ ನುಸಿ. ಎರಡಕ್ಕೂ ಶುರುವಿನಲ್ಲೇ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪು ಹಾಕಿ, ಎಲೆಯ ಅಡಿಗೆ ತಾಗುವಂತೆ ಸಂಜೆ ಸಿಂಪಡಿಸುತ್ತೇನೆ.

ಎಲೆ ಹಳದಿಯಾದರೆ ಯಾವ ಎಲೆ ಎಂದು ನೋಡಬೇಕು. ಕೆಳಗಿನ ಹಳೆಯ ಎಲೆಗಳಾದರೆ ಸಾರಜನಕ ಸಾಲದು: 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು 2 ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಒಂದಕ್ಕೆ ಹತ್ತು ಪಾಲು ನೀರು ಸೇರಿಸಿ ಬುಡಕ್ಕೆ ಕೊಡಿ. ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದಂಶ ಸಿಗುತ್ತಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಮತ್ತು ಹೊಸ ಬ್ಲಾಕಿನ ಸುಣ್ಣ ಸೇರಿ ಮಣ್ಣು ಕ್ಷಾರವಾದಾಗ ಹೀಗಾಗುತ್ತದೆ, ಬ್ಲಾಕಿನ ಪಕ್ಕದ ಗಿಡಗಳಲ್ಲೇ ಮೊದಲು ಕಾಣುತ್ತದೆ. ಅದಕ್ಕೇ ನಾನು ಹಳೆಯ, ಮಳೆಯಲ್ಲಿ ನೆಂದ ಬ್ಲಾಕುಗಳನ್ನೇ ಹುಡುಕುವುದು.

ಬೆಳೆ ಮುಗಿದಾಗ ಬೀನ್ಸ್ ಗಿಡವನ್ನು ಕೀಳದೆ ಬುಡಕ್ಕೆ ಕತ್ತರಿಸಿ, ಬೇರು ಮಣ್ಣಲ್ಲೇ ಕಳಿಯಲಿ. ಮೇಲೆ 3 ಬಾಂಡ್ಲಿ ಗೊಬ್ಬರ ಹರಡಿ, ಮೇಲಿನ 3–4 ಇಂಚಿನಲ್ಲಿ ಕೈಯಿಂದ ಬೆರೆಸಿ. ಮತ್ತೆ ಗುದ್ದಲಿ ಹಾಕಬೇಡಿ. ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಲದವು, ಒಂದರ ಹಿಂದೆ ಇನ್ನೊಂದು ಬೇಡ. ಏಪ್ರಿಲ್-ಮೇ ಬಿಸಿಲಿಗೆ ಏರುಮಡಿ ನೆಲಕ್ಕಿಂತ ಬೇಗ ಒಣಗುತ್ತದೆ, ಆಗ 2 ಇಂಚು ರಾಗಿ ಹುಲ್ಲು ಅಥವಾ ತರಗೆಲೆ ಹೊದಿಸಿ. ಮಳೆ ಹಿಡಿದ ಮೇಲೆ ಆ ಹೊದಿಕೆಯನ್ನು ತೆಗೆದುಬಿಡಿ, ಇಲ್ಲದಿದ್ದರೆ ಅದರಡಿಯೇ ಬಸವನಹುಳು ಸಂಸಾರ ಹೂಡುತ್ತದೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಾತ್ರ ಮಡಿಯ ಮೇಲೆ ಚೆಲ್ಲಬೇಡಿ.