ಹಳದಿಯ ಪಕ್ಕ ಕಪ್ಪು

ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿಯ 'ಕಂಪೊಸಿಷನ್ 7' ನೋಡಿದವರು 'ಸುಮ್ನೆ ಬಣ್ಣ ಎರಚಿದ್ದಾನೆ' ಅನ್ನುವುದುಂಟು. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದ ಆ ಚಿತ್ರವನ್ನು ಆತ 1913ರ ನವೆಂಬರ್‌ನಲ್ಲಿ ನಾಲ್ಕೇ ದಿನಗಳಲ್ಲಿ ಬರೆದು ಮುಗಿಸಿದ್ದು ನಿಜ. ಆದರೆ ಅದಕ್ಕೂ ಮೊದಲು ಮೂವತ್ತಕ್ಕೂ ಜಾಸ್ತಿ ಕರಡು ಮಾಡಿಕೊಂಡಿದ್ದ. ಇದು ತಿಳಿದ ಮೇಲೆ ನಾನು ಅಮೂರ್ತ ಚಿತ್ರ ಬರೆಯುವ ರೀತಿಯೇ ಬದಲಾಯಿತು.

ಕಲಿಯಲು ನಾನು ಆರಿಸಿಕೊಂಡದ್ದು ಆತನದೇ ಇನ್ನೊಂದು ಚಿತ್ರ, 'ಇಂಪ್ರೆಷನ್ 3'. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ಸಂಯೋಜಕ ಶೋನ್‌ಬರ್ಗ್‌ನ ಸಂಗೀತ ಕೇಳಿ ಬಂದು ಆತ ಬರೆದದ್ದು. ದೊಡ್ಡ ಹಳದಿ ಹರವು, ಮೇಲೆ ಪಿಯಾನೋದ ಕಪ್ಪು. ಈಗ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಕಲಾ ಸಂಗ್ರಹಾಲಯದಲ್ಲಿದೆ. ನಾನು ಅಭ್ಯಾಸ ಮಾಡಿದ್ದು ಅಚ್ಚಾದ ಪ್ರತಿ ನೋಡಿಕೊಂಡು.

ಮೊದಲು ಸಣ್ಣ ಹಾಳೆಗಳಲ್ಲಿ ಪಿಯಾನೋ, ಜನ ಯಾವುದೂ ಇಲ್ಲದೆ ಹಳದಿಗೆಷ್ಟು ಜಾಗ, ಕಪ್ಪಿಗೆಷ್ಟು ಜಾಗ ಅಂತ ಮಾತ್ರ ನೋಡಿದೆ. ಕಪ್ಪು ಸ್ವಲ್ಪ ಹಿಗ್ಗಿದರೂ ಹಳದಿ ಮಂಕಾಗುತ್ತದೆ. ತೀರಾ ಕುಗ್ಗಿದರೆ ಹಳದಿ ಬರೀ ಗೋಡೆಯ ಬಣ್ಣದ ಹಾಗೆ ಕೂರುತ್ತದೆ.

ನಿಜವಾದ ಕಷ್ಟ ಇವೆರಡೂ ಸೇರುವ ಅಂಚಿನಲ್ಲಿ. ಆಯಿಲ್ ಬಣ್ಣದಲ್ಲಿ ಹಸಿ ಹಳದಿಗೆ ಕಪ್ಪು ತಾಗಿದರೆ ಪಾಚಿ ಹಸಿರಾಗುತ್ತದೆ. ಅದು ಬೇಡವಾದರೆ ಹಳದಿ ಒಣಗುವವರೆಗೆ ಕಾಯಬೇಕು, ಇಲ್ಲವೇ ನಡುವೆ ಒಂದು ಎಳೆ ಕ್ಯಾನ್ವಾಸ್ ಖಾಲಿ ಬಿಡಬೇಕು. ನಾನು ಎರಡನೆಯದನ್ನೇ ಮಾಡುತ್ತೇನೆ. ಆ ಬಿಳಿ ಎಳೆಯಿಂದ ಎರಡೂ ಬಣ್ಣ ಉಸಿರಾಡುತ್ತವೆ. ಕೆಲವು ಕಡೆ ಹಸಿರು ಬೇಕೆಂದೇ ತಾಗಿಸುತ್ತೇನೆ, ಆದರೆ ಎಲ್ಲಿ ಅಂತ ಕರಡಿನಲ್ಲೇ ತೀರ್ಮಾನವಾಗಿರುತ್ತದೆ.

ಹಳದಿಯನ್ನು ಟರ್ಪಂಟೈನ್‌ನಲ್ಲಿ ತೆಳು ಮಾಡಿ ಬಿಳಿ ನೆಲದ ಮೇಲೆ ಹಚ್ಚಿದರೆ ಒಳಗಿನಿಂದ ಬೆಳಕು ಬಂದಂತಿರುತ್ತದೆ. ಮೇಲೆ ಅಲ್ಲಲ್ಲಿ ಮಾತ್ರ ದಪ್ಪ. ಬ್ರಷ್ ಅಗಲದ್ದು, ಒರಟು ಕೂದಲಿನದು. ಭುಜದಿಂದಲೇ ಕೈ ಬೀಸಿ ಒಂದೇ ಸಲ ಎಳೆಯುತ್ತೇನೆ. ಮಣಿಕಟ್ಟಿನಿಂದ ಎಳೆದ ಗೆರೆ ಅಕ್ಷರದ ಹಾಗೆ ಅಚ್ಚುಕಟ್ಟಾಗಿಬಿಡುತ್ತದೆ, ಇಲ್ಲಿ ಅದು ಬೇಡ. ಎಳೆದ ಮೇಲೆ ತಿದ್ದಲು ಹೋಗಬಾರದು. ಮತ್ತೆ ಸವರಿದ ಕಡೆ ಕೂದಲಿನ ಗುರುತು ಅಳಿಸಿ, ಬಣ್ಣ ಸತ್ತುಹೋಗುತ್ತದೆ.

ಹಾಗಾಗಿ ಎಲ್ಲ ಬಣ್ಣಗಳನ್ನೂ ಮೊದಲೇ ಕಲಸಿ, ಬೇಕಾದ್ದಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳುತ್ತೇನೆ. ಮಧ್ಯದಲ್ಲಿ ಹಳದಿ ಮುಗಿದರೆ ಅದೇ ಹದಕ್ಕೆ ಮತ್ತೆ ಕಲಸುವಷ್ಟರಲ್ಲಿ ಕೈಯ ಓಟ ನಿಂತಿರುತ್ತದೆ. ಟ್ಯೂಬ್ ಬೆಲೆ ನೋಡಿದರೆ ಹೊಟ್ಟೆ ಉರಿಯುತ್ತದೆ, ನಿಜ. ಅದಕ್ಕೇ ಕರಡಿಗೆ ಪೋಸ್ಟರ್ ಕಲರ್, ಕ್ಯಾನ್ವಾಸಿಗೆ ಮಾತ್ರ ಒಳ್ಳೆಯ ಆಯಿಲ್.