ಸಮುರಾಯ್ ಇತಿಹಾಸ: ಓದುವುದು ಹೇಗೆ, ನಾಲ್ಕು ಜನರಿಗೆ ಹೇಳುವುದು ಹೇಗೆ

ಸಮುರಾಯ್‌ಗಳ ಏಳುನೂರು ವರ್ಷವನ್ನು ಮೊದಲು ಪೂರ್ತಿ ಓದಿ ಮುಗಿಸುತ್ತೇನೆ, ಆಮೇಲೆ ಜನರಿಗೆ ಹೇಳುತ್ತೇನೆ ಎಂದು ಹೊರಟವರು ಸಾಮಾನ್ಯವಾಗಿ ಎರಡನ್ನೂ ಮಾಡುವುದಿಲ್ಲ. 1185ರ ದಾನ್ ನೊ ಉರಾ ಕಡಲ ಕಾಳಗ ಎಲ್ಲಿ, 1877ರ ಸತ್ಸುಮಾ ಬಂಡಾಯ ಎಲ್ಲಿ! ನಡುವೆ ಬಿಲ್ಲು ಹೋಗಿ ಬಂದೂಕು ಬಂತು. ಯೋಧರು ಗುಮಾಸ್ತರಾದರು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದು ಊರು, ಒಂದು ದಿನ, ಇಲ್ಲವೇ ಒಂದು ಮನೆತನ ಆರಿಸಿಕೊಳ್ಳಿ. ಅದನ್ನು ಬುಡಸಮೇತ ತಿಳಿದುಕೊಳ್ಳಿ.

ನಾನು ಹಿಡಿದಿದ್ದು ಸೆಕಿಗಹರಾ, 1600ರಲ್ಲಿ ದೊಡ್ಡ ಯುದ್ಧ ನಡೆದ ಬಯಲು. ನಾನಿರುವುದು ಗಿಫು ಪ್ರಾಂತ್ಯದ ಓಗಾಕಿಯಲ್ಲಿ. ಅಲ್ಲಿಂದ ರೈಲು ಹತ್ತಿದರೆ ತರುಯಿ ಬಿಟ್ಟು ಮುಂದಿನ ನಿಲ್ದಾಣವೇ ಸೆಕಿಗಹರಾ. ಬಿಡುವಿದ್ದ ವಾರಾಂತ್ಯಗಳಲ್ಲಿ ಬಂದವರನ್ನು ಕರೆದುಕೊಂಡು ಆ ಬಯಲಿನಲ್ಲಿ ಓಡಾಡುತ್ತೇನೆ, ಗೊತ್ತಿದ್ದಷ್ಟು ಹೇಳುತ್ತೇನೆ. ಈ ಕೆಲಸ ನನಗೆ ತುಂಬ ಇಷ್ಟ. ನೀವೂ ಮಾಡಬಹುದು. ಅದಕ್ಕೆ ಪ್ರೊಫೆಸರ್ ಆಗಿರಬೇಕಿಲ್ಲ.

ಮೊದಲು ಜಾಗದಲ್ಲಿ ನಿಲ್ಲಿ

1600ರ ಅಕ್ಟೋಬರ್ 21. ತೊಕುಗಾವಾ ಇಯೆಯಾಸುವಿನ ಪೂರ್ವ ಪಡೆ, ಇಶಿದಾ ಮಿತ್ಸುನಾರಿಯ ಪಶ್ಚಿಮ ಪಡೆ. ನಕ್ಷೆಯಲ್ಲಿ ಬಾಣದ ಗುರುತುಗಳನ್ನು ಎಷ್ಟು ನೋಡಿದರೂ ಇದು ತಲೆಗೆ ಹೋಗುವುದಿಲ್ಲ. ಮಿತ್ಸುನಾರಿ ಬೀಡುಬಿಟ್ಟಿದ್ದ ಸಸಾವೊಯಾಮಾ ಗುಡ್ಡ ಹತ್ತಿ ನಿಂತರೆ ಹೋಗುತ್ತದೆ. ಸುತ್ತಲೂ ಬೆಟ್ಟ, ನಡುವೆ ಇಕ್ಕಟ್ಟಾದ ಬಯಲು. ದಕ್ಷಿಣಕ್ಕೆ ನೋಡಿದರೆ ಮತ್ಸುವೊಯಾಮಾ. ಪಶ್ಚಿಮದವರ ಲೆಕ್ಕದಲ್ಲಿದ್ದ ಕೊಬಯಕಾವಾ ಹಿದೆಯಾಕಿ ಅಲ್ಲಿಂದ ಇಳಿದು ತನ್ನವರ ಮೇಲೆಯೇ ಬಿದ್ದ. ಪೂರ್ವಕ್ಕೆ ನಾಂಗು ಬೆಟ್ಟ. ಅಲ್ಲಿದ್ದ ಮೋರಿ ಪಡೆ ಕದಲಲೇ ಇಲ್ಲ, ಏಕೆಂದರೆ ಮುಂದೆ ನಿಂತಿದ್ದ ಕಿಕ್ಕಾವಾ ಹಿರೊಯಿಯೆ ಇಯೆಯಾಸುವಿನ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದ. ಯಾರಿಗೆ ಯಾರು ಕಾಣುತ್ತಿದ್ದರು, ಯಾರಿಗೆ ಕಾಣುತ್ತಿರಲಿಲ್ಲ ಎಂಬುದು ಅಲ್ಲಿ ನಿಂತಾಗ ಕಾಲಿಗೇ ಗೊತ್ತಾಗುತ್ತದೆ.

ಕೋಟೆ ನೋಡಲು ಹೋದರೆ ಮೊದಲ ಪ್ರಶ್ನೆ: ಈ ಕಟ್ಟಡ ಯಾವ ಕಾಲದ್ದು? ಓಸಾಕಾದ ಈಗಿನ ಗೋಪುರ 1931ರಲ್ಲಿ ಕಟ್ಟಿದ ಕಾಂಕ್ರೀಟಿನದು. ನಗೋಯಾದ್ದು 1945ರ ಬಾಂಬ್ ದಾಳಿಯಲ್ಲಿ ಸುಟ್ಟು 1959ರಲ್ಲಿ ಮತ್ತೆ ಎದ್ದಿತು. ಹಿಮೆಜಿ, ಮತ್ಸುಮೊತೊ, ಹಿಕೊನೆ, ಇನುಯಾಮಾಗಳಲ್ಲಿ ಹಳೆಯ ಮರದ ಗೋಪುರವೇ ಉಳಿದಿದೆ. ಹೊಸದಾಗಿ ಕಟ್ಟಿದ್ದು ನೋಡಬಾರದು ಅಂತಲ್ಲ. ಆದರೆ ಜನರಿಗೆ ತೋರಿಸುವಾಗ ಇದನ್ನು ಹೇಳಲೇಬೇಕು.

ಅಂತೆಕಂತೆ ಮತ್ತು ಕಾಗದ

ಇಡೀ ಕೆಲಸದ ಜೀವಾಳ ಇಲ್ಲಿದೆ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಏನಾಯಿತು ಎಂದು ಹೇಳಿದರೆ ಅರ್ಧ ಕೆಲಸ ಮಾತ್ರ. ಅದು ನಮಗೆ ಹೇಗೆ ಗೊತ್ತಾಯಿತು ಎಂಬುದನ್ನೂ ಜೊತೆಗೇ ಹೇಳಿ.

ಮತ್ಸುವೊಯಾಮಾದ ಕಥೆಯನ್ನೇ ನೋಡಿ. ಹಿದೆಯಾಕಿ ಮಧ್ಯಾಹ್ನದವರೆಗೂ ಯಾವ ಕಡೆ ಎಂದು ತೀರ್ಮಾನಿಸದೆ ಕುಳಿತಿದ್ದ, ಇಯೆಯಾಸು ಸಿಟ್ಟಾಗಿ ಬೆಟ್ಟದತ್ತ ಗುಂಡು ಹಾರಿಸಿದ, ಹೆದರಿದ ಹುಡುಗ ಪಕ್ಷ ಬದಲಿಸಿದ. ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಇದು ಬೆಳೆದದ್ದು ಎದೊ ಕಾಲದಲ್ಲಿ (1603ರಿಂದ 1868), ಯುದ್ಧ ಮುಗಿದು ಬಹಳ ವರ್ಷ ಆದಮೇಲೆ ಬರೆದ ಪುಸ್ತಕಗಳಲ್ಲಿ. ಯುದ್ಧದ ಆಸುಪಾಸಿನ ಪತ್ರಗಳಲ್ಲಿ ಇದಕ್ಕೆ ಆಧಾರ ಸಿಗುವುದಿಲ್ಲ. ಅವನು ಬೆಳಿಗ್ಗೆಯೇ ತಿರುಗಿಬಿದ್ದ ಎಂದು ಹೇಳುವ ಇತಿಹಾಸಕಾರರೂ ಈಗ ಇದ್ದಾರೆ.

ನಾಗಶಿನೊ ಯುದ್ಧ ಇನ್ನೂ ಒಳ್ಳೆಯ ಉದಾಹರಣೆ. 1575ರಲ್ಲಿ ಓದಾ ನೊಬುನಾಗಾ ಎಂಬ ದೊರೆ 3000 ಬಂದೂಕುಗಳನ್ನು ಮೂರು ಸಾಲು ಮಾಡಿ, ಸರದಿ ಪ್ರಕಾರ ಹಾರಿಸಿ, ತಕೆದಾ ಪಡೆಯನ್ನು ಮುಗಿಸಿದ ಎನ್ನುತ್ತಾರೆ. ನೊಬುನಾಗಾನ ಬಳಿಯೇ ಕೆಲಸ ಮಾಡಿದ್ದ ಓತಾ ಗ್ಯೂಇಚಿ ಬರೆದ ಚರಿತ್ರೆಯಲ್ಲಿ ಬಂದೂಕು ಸುಮಾರು 1000 ಎಂದಿದೆ. ಅದರ ಒಂದು ಪ್ರತಿಯಲ್ಲಿ ಸಂಖ್ಯೆಯ ಪಕ್ಕ 3000 ಎಂದು ಸೇರಿಸಿದ್ದಾರೆ. ಸರದಿಯ ಕಥೆಯನ್ನು ಹಬ್ಬಿಸಿದ್ದು ಓಝೆ ಹೋಅನ್ ಎಂಬ ಲೇಖಕ. ಅವನು ಗ್ಯೂಇಚಿಯ ಬರಹವನ್ನೇ ಎದುರಿಗಿಟ್ಟುಕೊಂಡು, 17ನೇ ಶತಮಾನದ ಶುರುವಿನಲ್ಲಿ ಬಣ್ಣ ಕಟ್ಟಿ ಬರೆದ. ಮೇಜಿ ಕಾಲದ (1868ರಿಂದ 1912) ಸೈನ್ಯ ತನ್ನ ಯುದ್ಧ ಇತಿಹಾಸದಲ್ಲಿ ಅದನ್ನೇ ಎತ್ತಿಕೊಂಡಿತು. ಹಾಗೆ ಅದು ಎಲ್ಲ ಕಡೆ ಸೇರಿಕೊಂಡಿತು. ಕಥೆ ಹೇಗೆ ಬೆಳೆಯಿತು ಎನ್ನುವುದೇ ಯುದ್ಧದಷ್ಟು ರೋಚಕವಾಗಿದೆ, ಅಲ್ವಾ?

ಹಾಗಾಗಿ ಯಾವ ಪುಸ್ತಕ ತೆರೆದರೂ ಮೂರು ಪ್ರಶ್ನೆ ಕೇಳಿ. ಬರೆದವರು ಯಾರು? ಯಾವಾಗ ಬರೆದರು? ಯಾರು ಓದಲಿ ಎಂದು ಬರೆದರು? ಪತ್ರ ಮತ್ತು ದಿನಚರಿಗೆ ಹೆಚ್ಚು ಬೆಲೆ. ಕಣ್ಣಾರೆ ಕಂಡವರು ಆಮೇಲೆ ಬರೆದ ಚರಿತ್ರೆ ಅದರ ನಂತರ. ಯುದ್ಧ ಕಥನ, ನಾಟಕ, ಬಣ್ಣದ ಮುದ್ರಣ ಚಿತ್ರಗಳು ಕೊನೆಗೆ. ಕಂಡವರೇ ಹೇಳಿದರೂ ಕುರುಡಾಗಿ ನಂಬಬೇಕಿಲ್ಲ. ತಕೆಝಾಕಿ ಸುಯೆನಾಗಾ ಎಂಬ ಯೋಧ 1274ರಲ್ಲಿ ಮಂಗೋಲರ ವಿರುದ್ಧ ಹೋರಾಡಿದ. ತನ್ನ ಸಾಹಸ ಮೇಲಿನವರಿಗೆ ತಲುಪಲಿಲ್ಲ ಎಂದು ಕ್ಯೂಶುವಿನಿಂದ ಆಗಿನ ಯೋಧ ಸರ್ಕಾರವಿದ್ದ ಕಾಮಾಕುರಾದವರೆಗೆ ಹೋಗಿ ಇನಾಮು ಕೇಳಿದ, ಪಡೆದ. ಆಮೇಲೆ ಅದನ್ನೆಲ್ಲ ಚಿತ್ರಸುರುಳಿಯಾಗಿ ಬರೆಸಿದ. ಆ ಸುರುಳಿ ಇವತ್ತಿಗೂ ಇದೆ. ಅಮೂಲ್ಯವಾದದ್ದು. ಆದರೆ ಅದರ ನಾಯಕ ಯಾರು ಎಂಬುದನ್ನು ಮರೆಯಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿ ಅಕ್ಷರಶಃ ಕೆಲಸಕ್ಕೆ ಬರುತ್ತದೆ.

ತಲೆಕೆಡಿಸುವ ಮೂರು ವಿಷಯ

ಒಂದು, ದಿನಾಂಕ. ಜಪಾನಿನಲ್ಲಿ 1872ರ ಕೊನೆಯವರೆಗೂ ಚಾಂದ್ರಮಾನ ಪಂಚಾಂಗವೇ ಇತ್ತು. ಸೆಕಿಗಹರಾ ಯುದ್ಧ ಆ ಲೆಕ್ಕದಲ್ಲಿ ಕೆಯ್ಚೊ ಎಂಬ ಶಕೆಯ 5ನೇ ವರ್ಷದ ಒಂಬತ್ತನೇ ತಿಂಗಳ 15. ಅದನ್ನು ಸುಮ್ನೆ ಸೆಪ್ಟೆಂಬರ್ 15 ಎಂದು ಬರೆದರೆ ಒಂದು ತಿಂಗಳಿಗೂ ಹೆಚ್ಚು ಹಿಂದೆ ಹೋಗುತ್ತೀರಿ. 47 ರೋನಿನ್‌ಗಳು, ಅಂದರೆ ಒಡೆಯನನ್ನು ಕಳೆದುಕೊಂಡ ಸಮುರಾಯ್‌ಗಳು, ಸೇಡಿಗಾಗಿ ಕಿರಾ ಎಂಬ ಅಧಿಕಾರಿಯ ಮನೆಗೆ ನುಗ್ಗಿದ್ದು ಗೆನ್ರೊಕು 15ರ ಹನ್ನೆರಡನೇ ತಿಂಗಳ 14ರ ರಾತ್ರಿ. ಪಾಶ್ಚಾತ್ಯ ಲೆಕ್ಕದಲ್ಲಿ ಅದು 1703ರ ಜನವರಿ ಕೊನೆ. ಕೆಲವು ಪುಸ್ತಕ 1702 ಎನ್ನುತ್ತವೆ, ಕೆಲವು 1703 ಎನ್ನುತ್ತವೆ. ಕಾರಣ ಇದೇ. ಎರಡೂ ದಿನಾಂಕ ಬರೆದಿಟ್ಟುಕೊಳ್ಳಿ.

ಎರಡು, ಹೆಸರು. ಇಯೆಯಾಸು ಹುಟ್ಟಿದಾಗ ತಕೆಚಿಯೊ. ಆಮೇಲೆ ಮೊತೊನೊಬು, ಮೊತೊಯಾಸು, ಕೊನೆಗೆ ಇಯೆಯಾಸು. ಮನೆತನದ ಹೆಸರು ಮತ್ಸುದಾಯಿರಾ ಇದ್ದದ್ದು 1566ರಲ್ಲಿ ತೊಕುಗಾವಾ ಆಯಿತು. 1600ರಲ್ಲಿ ಬೇರೆಯವರು ಬರೆದ ಎಷ್ಟೋ ಪತ್ರಗಳಲ್ಲಿ ಅವನ ಹೆಸರೇ ಇರುವುದಿಲ್ಲ, ನೈಫು ಎಂಬ ಪದವಿಯಿಂದ ಕರೆಯುತ್ತಾರೆ. ಇದು ಗೊತ್ತಿಲ್ಲದಿದ್ದರೆ ಅವನ ಬಗ್ಗೆಯೇ ಇರುವ ಪತ್ರ ಕೈಯಲ್ಲಿದ್ದರೂ ತಿಳಿಯುವುದಿಲ್ಲ. ಹೆಸರುಗಳಿಗೇ ಒಂದು ಬೇರೆ ನೋಟ್‌ಬುಕ್ ಇಡಿ.

ಮೂರು, ಲಿಪಿ. ಹಳೆಯ ಪತ್ರಗಳೆಲ್ಲ ಕುಝುಶಿಜಿ ಎಂಬ ಕೂಡಿಸಿ ಬರೆದ ಬರಹದಲ್ಲಿವೆ. ಇವತ್ತಿನ ಜಪಾನೀಯರಲ್ಲೂ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ಅಚ್ಚಾದ ಪಾಠದ ಪಕ್ಕ ಮೂಲದ ಫೋಟೊ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಾಲು ಓದಿ. ಮಿವೊ ಎಂಬ ಉಚಿತ ಆ್ಯಪ್ ಫೋಟೊ ನೋಡಿ ಅಕ್ಷರ ಗುರುತಿಸುತ್ತದೆ. ಅದು ತಪ್ಪುತ್ತದೆ ಕೂಡ, ಹಾಗಾಗಿ ಊರುಗೋಲಾಗಿ ಮಾತ್ರ ಬಳಸಿ. ಟೋಕಿಯೊ ವಿಶ್ವವಿದ್ಯಾಲಯದ ಇತಿಹಾಸ ದಾಖಲೆ ಸಂಸ್ಥೆಯ ಡೇಟಾಬೇಸ್‌ಗಳು, ನ್ಯಾಷನಲ್ ಡಯಟ್ ಲೈಬ್ರರಿಯ ಡಿಜಿಟಲ್ ಸಂಗ್ರಹ ಇವೆಲ್ಲ ಮನೆಯಿಂದಲೇ ನೋಡಲು ಸಿಗುತ್ತವೆ.

ಕತ್ತಿ ಬಿಟ್ಟು ಅಕ್ಕಿ ನೋಡಿ

ಎದೊ ಕಾಲದ ಎರಡೂವರೆ ಶತಮಾನದಲ್ಲಿ ಹೆಚ್ಚಿನ ಸಮುರಾಯ್‌ಗಳು ಯುದ್ಧವನ್ನೇ ಕಂಡವರಲ್ಲ. ಅವರ ಆದಾಯವನ್ನು ಕೊಕು ಲೆಕ್ಕದಲ್ಲಿ ಅಳೆಯುತ್ತಿದ್ದರು. ಒಂದು ಕೊಕು ಎಂದರೆ ಸುಮಾರು 180 ಲೀಟರ್ ಅಕ್ಕಿ, ತೂಕದಲ್ಲಿ ಹತ್ತಿರ ಹತ್ತಿರ 150 ಕಿಲೊ. ಕಾಗಾ ಸಂಸ್ಥಾನದಲ್ಲಿ ಲೆಕ್ಕ ಬರೆಯುತ್ತಿದ್ದ ಇನೊಯಾಮಾ ಎಂಬ ಸಮುರಾಯ್ ಮನೆತನದ ಖರ್ಚುವೆಚ್ಚದ ಪುಸ್ತಕಗಳು 1842ರಿಂದ ಉಳಿದುಬಂದಿವೆ. ಸಾಲ ತೀರಿಸಲು ಅವರು ಮನೆಯ ಸಾಮಾನು ಮಾರಿದ್ದೂ ಅದರಲ್ಲಿದೆ. ಒಂದು ದ್ವಂದ್ವಯುದ್ಧದ ಕಥೆಗಿಂತ ಇಂಥ ಪುಟವೇ ಕೇಳುವವರನ್ನು ಹತ್ತಿರ ಎಳೆಯುತ್ತದೆ. ಸಾಲ ಯಾರಿಗೆ ಗೊತ್ತಿಲ್ಲ?

ಜನರ ಮುಂದೆ

ಗುಂಪು ಚಿಕ್ಕದಿರಲಿ. ಹತ್ತು ಜನ ಮೀರಿದರೆ ಹಿಂದಿನವರಿಗೆ ಕೇಳುವುದಿಲ್ಲ. ನಡೆಯುವಾಗ ಮಾತು ಬೇಡ, ನಿಂತಾಗ ಹೇಳಿ. ಒಂದು ಜಾಗದಲ್ಲಿ ಒಂದೇ ವಿಷಯ. ನಾನು ಒಂದು ಪತ್ರದ ಪ್ರತಿಯನ್ನು ಅನುವಾದದ ಜೊತೆ ಎಲ್ಲರ ಕೈಗೂ ಕೊಡುತ್ತೇನೆ. ಯುದ್ಧಕ್ಕೆ ಮೊದಲು ಇಯೆಯಾಸು ದೊರೆಗಳಿಗೆ ನೂರಕ್ಕೂ ಹೆಚ್ಚು ಪತ್ರ ಬರೆಸಿದ್ದ. ಅಂಥ ಒಂದು ಪತ್ರ ಓದಿಸಿ, ಇದು ನಿಮಗೆ ಬಂದಿದ್ದರೆ ಯಾವ ಕಡೆ ಹೋಗುತ್ತಿದ್ದಿರಿ ಎಂದು ಕೇಳಿ. ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ಮಕ್ಕಳಿದ್ದರೆ ರಕ್ಷಾಕವಚದ ಭಾರದಿಂದ ಶುರು ಮಾಡಿ. ಪೂರ್ತಿ ಧರಿಸಿದರೆ 20 ಕಿಲೊ ಆಸುಪಾಸು.

ಸೆಕಿಗಹರಾದಲ್ಲಿ ಕತ್ತರಿಸಿದ ತಲೆಗಳನ್ನು ಹೂತ ದಿಬ್ಬಗಳು ಎರಡಿವೆ. ಪಶ್ಚಿಮ ಪಡೆಯಲ್ಲಿದ್ದು ಅಲ್ಲೇ ಸತ್ತ ಓತಾನಿ ಯೋಶಿತ್ಸುಗುವಿನ ಸಮಾಧಿ ಇದೆ. ಜನ ಇಂದಿಗೂ ಬಂದು ಕೈಮುಗಿಯುತ್ತಾರೆ. ಅಲ್ಲಿ ಜೋರು ದನಿ, ಗುಂಪು ಸೆಲ್ಫಿ ಬೇಡ ಎಂದು ಮೊದಲೇ ಹೇಳಿ. ಮ್ಯೂಸಿಯಂಗಳಲ್ಲಿ ಫೋಟೊ ನಿಯಮ ಒಂದೊಂದು ಪ್ರದರ್ಶನಕ್ಕೂ ಬೇರೆ, ಕೇಳಿಕೊಂಡೇ ತೆಗೆಯಿರಿ. ಕತ್ತಿಯನ್ನು ಕೈಗೆ ಕೊಡುವ ಸಭೆಗೆ ಹೋದರೆ ಅಲಗು ಮುಟ್ಟಬಾರದು, ಅದರ ಮೇಲೆ ಬಾಗಿ ಮಾತಾಡಬಾರದು. ಉಸಿರಿನ ತೇವಕ್ಕೂ ತುಕ್ಕು ಹಿಡಿಯುತ್ತದೆ.

ಕ್ರೌರ್ಯವನ್ನು ಮುಚ್ಚಿಡಬೇಡಿ. 1592ರಿಂದ 1598ರವರೆಗೆ, ಆಗ ಜಪಾನನ್ನು ಆಳುತ್ತಿದ್ದ ತೊಯೊತೋಮಿ ಹಿದೆಯೋಶಿಯ ಸೈನ್ಯ ಕೊರಿಯಾದಲ್ಲಿ ಯುದ್ಧ ಮಾಡಿತು. ಕೊಂದದ್ದಕ್ಕೆ ಸಾಕ್ಷಿಯಾಗಿ ಮೂಗುಗಳನ್ನು ಕತ್ತರಿಸಿ ಕಳಿಸಿತು. ಕ್ಯೋಟೊದ ಮಿಮಿಝುಕಾ ದಿಬ್ಬದಲ್ಲಿ ಅವನ್ನು ಹೂತಿದ್ದಾರೆ. ಸಮುರಾಯ್ ನಿಷ್ಠೆಯ ಬಗ್ಗೆ ಮಾತಾಡುವವರು ಈ ದಿಬ್ಬದ ಬಗ್ಗೆಯೂ ಮಾತಾಡಬೇಕು. ನಾನು ಸೆಕಿಗಹರಾದಲ್ಲೇ ಇದನ್ನು ಹೇಳುತ್ತೇನೆ, ಏಕೆಂದರೆ ಅಲ್ಲಿ ಎದುರುಬದುರಾದ ಹಲವು ದೊರೆಗಳು ಎರಡು ವರ್ಷದ ಹಿಂದಷ್ಟೇ ಕೊರಿಯಾದಿಂದ ಮರಳಿದ್ದರು. ಅವರ ನಡುವಿನ ಹಗೆ ಎಷ್ಟೋ ಅಲ್ಲಿಯೇ ಬೆಳೆದದ್ದು.

ಪ್ರಶ್ನೆಗಳಿಗೆ ಕೊನೆಯಲ್ಲಿ ಸಾಕಷ್ಟು ಸಮಯ ಬಿಡಿ. ಈಗ ಹೆಚ್ಚಾಗಿ ಬರುವ ಪ್ರಶ್ನೆ ಯಸುಕೆಯದು. ಆಫ್ರಿಕಾದಿಂದ ಬಂದ ಅವನು ಸಮುರಾಯ್ ಹೌದೋ ಅಲ್ಲವೋ? ಒಂದು ಪದದಲ್ಲಿ ಉತ್ತರಿಸಬೇಡಿ, ದಾಖಲೆಗಳನ್ನು ಮುಂದಿಡಿ. 1581ರಲ್ಲಿ ಅವನು ನೊಬುನಾಗಾನನ್ನು ಕಂಡದ್ದು ಜೆಸ್ಯೂಟ್ ಪಾದ್ರಿಗಳ ಪತ್ರಗಳಲ್ಲೂ ಗ್ಯೂಇಚಿಯ ಚರಿತ್ರೆಯಲ್ಲೂ ಇದೆ. ಆ ಚರಿತ್ರೆಯ ಒಂದು ಪ್ರತಿಯಲ್ಲಿ ಮಾತ್ರ ಅವನಿಗೆ ಸಂಬಳ, ಮನೆ, ಚಿಕ್ಕ ಕತ್ತಿ ಕೊಟ್ಟರು ಎಂದಿದೆ. ಇಯೆಯಾಸುವಿನ ಕಡೆಯ ಮತ್ಸುದಾಯಿರಾ ಇಯೆತಾದಾ ಎಂಬ ಸಮುರಾಯ್ 1582ರಲ್ಲಿ ಅವನನ್ನು ನೋಡಿ, ಎತ್ತರ 6 ಶಾಕು 2 ಸುನ್ ಎಂದು ದಿನಚರಿಯಲ್ಲಿ ಬರೆದ. ಅಂದರೆ ಸುಮಾರು 188 ಸೆಂಟಿಮೀಟರ್. ಅದೇ ವರ್ಷ ಕ್ಯೋಟೊದ ಹೊನ್ನೋಜಿ ದೇಗುಲದಲ್ಲಿ ನೊಬುನಾಗಾ ಸತ್ತ ದಿನ ಯಸುಕೆ ಅವನ ಮಗನ ಕಡೆ ಹೋಗಿ ಹೋರಾಡಿದ ಎಂದು ಪಾದ್ರಿಗಳ ವರದಿ ಹೇಳುತ್ತದೆ. ಇಷ್ಟನ್ನೂ ಹೇಳಿ, ಆಮೇಲೆ ಅವರೇ ವಾದ ಮಾಡಲಿ. ನಿಮಗೆ ಉತ್ತರ ಬಾರದ ಪ್ರಶ್ನೆ ಬಂದರೆ ಅಲ್ಲೇ ಬರೆದುಕೊಳ್ಳಿ, ಕೇಳಿದವರ ವಿಳಾಸವನ್ನೂ ತೆಗೆದುಕೊಳ್ಳಿ. ಆ ವಾರ ಏನು ಓದಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಸಿಕ್ಕಿದ್ದನ್ನು, ಯಾವ ದಾಖಲೆಯಲ್ಲಿ ಸಿಕ್ಕಿತು ಎಂಬುದರ ಸಮೇತ, ಅವರಿಗೆ ಬರೆದು ಕಳಿಸಿ.