ತಲಪಾಡಿ ದಾಟಲು ಒಂದು ಅರ್ಜಿ

ಕೇರಳದ ಕಾಸರಗೋಡಿನ ವಿದ್ಯಾನಗರದ ಕೋರ್ಟಿನಲ್ಲಿ ನಾನು ನಡೆಸಿದ ಕೇಸುಗಳಲ್ಲಿ ಇದು ತೀರಾ ಸಣ್ಣದು. ಪೈವಳಿಕೆ ಕಡೆಯ ಹುಡುಗ. ನೆರೆಮನೆಯ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಎರಡು ಗೋಣಿ ಕದ್ದು ಮಾರಿದ್ದ. ಆಗಿನ ಐಪಿಸಿ 379, ಅಂದರೆ ಕಳ್ಳತನ. ಸಾಕ್ಷಿ ಗಟ್ಟಿ ಇತ್ತು. ಹಾಗಾಗಿ ಖುಲಾಸೆಯ ಆಸೆ ಬಿಟ್ಟು, ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ ಬಾಂಡಿನ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆ ಹಿಡಿದೆ.

21 ತುಂಬದವರನ್ನು ಜೈಲಿಗೆ ಕಳಿಸುವುದಾದರೆ ಮೊದಲು ಪ್ರೊಬೇಷನ್ ಆಫೀಸರ ವರದಿ ತರಿಸಬೇಕು ಅನ್ನುತ್ತದೆ 6ನೇ ಸೆಕ್ಷನ್. ಕದ್ದ ದಿನದ ವಯಸ್ಸಲ್ಲ, ತೀರ್ಪಿನ ದಿನದ ವಯಸ್ಸು ಲೆಕ್ಕ. ಇವನಿಗೆ ಆಗ 20. ವಾಯಿದೆ ಇನ್ನೆರಡು ಸಲ ಮುಂದೆ ಹೋಗಿದ್ದರೆ ಕಷ್ಟವಿತ್ತು.

ವರದಿ ಚೆನ್ನಾಗಿಯೇ ಬಂತು. ಸೋದರಮಾವನ ಜಾಮೀನು, ಸರಿಯಾಗಿ ನಡೆದುಕೊಳ್ಳುತ್ತೇನೆ ಅಂತ ಎರಡು ವರ್ಷದ ಬಾಂಡ್. ಮೂರು ವರ್ಷದವರೆಗೂ ಹಾಕಬಹುದಿತ್ತು. ಮನೆಯಲ್ಲೇ ಇರಬೇಕು, ಕುಡಿಯಬಾರದು, ಜಿಲ್ಲೆ ಬಿಟ್ಟು ಹೋಗಬಾರದು. ನಾನು ಖುಷಿಯಲ್ಲಿ ತಲೆಯಾಡಿಸಿದೆ.

ಹೊರಗೆ ಬಂದು ಆದೇಶವನ್ನು ಅವನ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರಿಗೆ ಇಂಗ್ಲಿಷೂ ಬಾರದು, ಮಲಯಾಳವೂ ಅಷ್ಟಕ್ಕಷ್ಟೆ. ಪೂರ್ತಿ ಕೇಳಿ, "ವಕೀಲ್ರೇ, ಹಾಗಾದ್ರೆ ಇವ ಮಂಗಳೂರಿಗೂ ಹೋಗಬಾರದಾ?" ಅಂದರು. ನನಗೆ ಹೊಳೆದೇ ಇರಲಿಲ್ಲ! ಉಪ್ಪಳ, ಮಂಜೇಶ್ವರದವರಿಗೆ ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲ ಗಡಿಯ ತಲಪಾಡಿಯಿಂದ ಆಚೆ, ಕರ್ನಾಟಕದಲ್ಲಿ. ಆ ದಿನವೇ ಎದ್ದು ಹೇಳಬೇಕಾದವ ನಾನು.

ನಾಲ್ಕು ತಿಂಗಳಿಗೆ ಗಡಿಯಾಚೆ ಮಂಗಳೂರು ಹತ್ತಿರದ ತೊಕ್ಕೊಟ್ಟಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಸುಮ್ನೆ ಬಸ್ ಹತ್ತಿದರೆ ಷರತ್ತು ಮುರಿದ ಹಾಗೆ. ಷರತ್ತು ಬದಲಿಸಿ ಅಂತ ಅರ್ಜಿ ಹಾಕಿದೆ. ವಾಪಸ್ ಬಂತು. 8ನೇ ಸೆಕ್ಷನ್ ಸರಿಯಾಗಿ ಓದಿದ್ದು ಆಮೇಲೆ. ಬಾಂಡಿನ ಅವಧಿ ಹೆಚ್ಚುಕಮ್ಮಿ ಮಾಡಲು, ಷರತ್ತು ತಿದ್ದಲು ಕೋರ್ಟಿಗೆ ಅಧಿಕಾರವಿದೆ. ಆದರೆ ಅರ್ಜಿ ಪ್ರೊಬೇಷನ್ ಆಫೀಸರೇ ಹಾಕಬೇಕು. ಷರತ್ತು ಹೊತ್ತವನಿಗೇ ಕೇಳುವ ದಾರಿ ಇಲ್ಲ. ಮ್ಯಾಜಿಸ್ಟ್ರೇಟ್ ತಾವಾಗಿ ತಿದ್ದುವ ಹಾಗೂ ಇಲ್ಲ. ಶಿಕ್ಷೆ, ಷರತ್ತಿನ ವಿಷಯದಲ್ಲಿ ಜಡ್ಜ್‌ಗಳಿಗೆ ಇನ್ನಷ್ಟು ಸ್ವಾತಂತ್ರ್ಯ ಕೊಡಬೇಕು ಅನ್ನುವವರು ಮೊದಲು ಈ ಸಾಲನ್ನು ತಿದ್ದಿಸಲಿ.

ಅಂಗಡಿಯವರ ಪತ್ರ ಹಿಡಿದು ಆಫೀಸರ ಹತ್ತಿರ ಮೂರು ಸಲ ಹೋದೆ. ಅವರು ಅಂಗಡಿಗೆ ಫೋನ್ ಮಾಡಿ ವಿಚಾರಿಸಿ ಅರ್ಜಿ ಹಾಕಿದರು. ಜಾಮೀನು ನಿಂತವರ ಮಾತೂ ಕೇಳಬೇಕಲ್ವಾ, ಮಾವನನ್ನು ಕೋರ್ಟಿಗೆ ಕರೆಸಿದರು. "ಅಲ್ಲಿ ಕುಡಿದು ಬಿದ್ದರೆ ನನ್ನ ದುಡ್ಡು ಹೋಗ್ತದೆ" ಅಂತ ಅವರ ಗೊಣಗಾಟ. ಅವರು ಒಪ್ಪದಿದ್ದರೆ ಹೊಸ ಜಾಮೀನು ಹುಡುಕುವ ಪಾಡು. ವರಾಂಡದಲ್ಲಿ ಅರ್ಧ ಗಂಟೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೂತರು, ಆಮೇಲೆ ಹೂಂ ಅಂದರು.

ಹೊಸ ಷರತ್ತು ಹೀಗೆ: ಕೆಲಸಕ್ಕೆ ಗಡಿ ದಾಟಬಹುದು, ರಾತ್ರಿ ಮನೆಗೆ ಬರಬೇಕು, ತಿಂಗಳಿಗೊಮ್ಮೆ ಆಫೀಸರ ಮುಂದೆ ಹಾಜರಾಗಬೇಕು. ಭಾನುವಾರ ಆಫೀಸಿಗೆ ರಜೆ. ಹಾಗಾಗಿ ತಿಂಗಳಿಗೆ ಒಂದು ದಿನದ ಸಂಬಳ ಹೋಗುತ್ತಿತ್ತು. ಅದಕ್ಕೂ ಒಂದು ಅರ್ಜಿ ಹಾಕಿಸುವ ಧೈರ್ಯ ನನಗೆ ಬರಲಿಲ್ಲ.